ಕಾಸೀಮಸಾಬ ಕೂಗಿದ ಆಯೇರಿ

ರಾಣೇಬೆನ್ನೂರಿನ ಕಾಸೀಮಸಾಬ ಕೈಯಲ್ಲಿ ಮೈಕು ಹಿಡಿದಾಗ ಒಬ್ಬ ಮನುಷ್ಯ, ಕೆಳಗಿಟ್ಟಾಗ ಇನ್ನೊಬ್ಬ. ಮೈಕು ಹಿಡಿದವನು ಯಾರಪ್ಪನಿಗೂ ಹೆದರುವವನಲ್ಲ. ಮೈಕು ಕೆಳಗಿಟ್ಟವನು ಕಿರಾಣಿ ಅಂಗಡಿಯವನು ಕಣ್ಣೆದುರೇ ಸಕ್ಕರೆ ಕಡಿಮೆ ತೂಗಿದರೂ 'ಇರ್ಲಿ ಬಿಡ್ರಿ' ಎಂದು ಚೀಲದ ಬಾಯಿ ಕಟ್ಟಿಕೊಂಡು ಬರುವವನು. ಸಕೀನಾಬಿ ಮದುವೆಗೆ ಒಪ್ಪಿದ್ದು ಮೊದಲನೆಯವನ ದನಿ ಕೇಳಿ. ಸಂಸಾರ ಮಾಡಬೇಕಾಗಿ ಬಂದದ್ದು ಎರಡನೆಯವನ ಜೊತೆ. ಈ ಮೋಸವನ್ನು ಆಕೆ ಓಣಿಯ ಎಲ್ಲರ ಮುಂದೆಯೂ ಹೇಳುತ್ತಿದ್ದಳು, ಅವನ ಮುಂದೆಯೂ ಹೇಳುತ್ತಿದ್ದಳು.

ಮನೆಯಲ್ಲಿ ಜಗಳ ಹತ್ತಿದರೆ ಕಾಸೀಮಸಾಬ ಮೊದಲು ಕೈಗೆ ಏನಾದರೂ ಹುಡುಕುತ್ತಿದ್ದ. ಹೊಡೆಯಲಿಕ್ಕಲ್ಲ, ಪಾಪ. ಲಟ್ಟಣಿಗೆ ಸಿಕ್ಕರೆ ಅದನ್ನು ಬಾಯಿಯ ಮುಂದೆ ಹಿಡಿದುಕೊಂಡ ಕೂಡಲೇ ಮಾತು ಸರಾಗ ಬರುತ್ತಿತ್ತು. ಅತ್ತೆ ಮನೆಯವರ ಹಳೆಯ ಲೆಕ್ಕವೆಲ್ಲ ಹೊರಗೆ ಬೀಳುತ್ತಿತ್ತು. ಅದಕ್ಕೇ ಸಕೀನಾಬಿ ಜಗಳ ತೆಗೆಯುವ ಮೊದಲು ಲಟ್ಟಣಿಗೆಯನ್ನು ಹಿಟ್ಟಿನ ಡಬ್ಬಿಯೊಳಗೆ ಹಾಕಿ ಮುಚ್ಚಳ ಬಿಗಿದು ಆಮೇಲೆ ಬಾಯಿ ತೆರೆಯುತ್ತಿದ್ದಳು.

ಹರೆಯದಲ್ಲಿ ಅವನು ಬ್ಯಾಡಗಿ ಪೇಟೆಯಲ್ಲಿ ದಲಾಲರ ಮೈಕು ಹಿಡಿದು ಮೆಣಸಿನಕಾಯಿ ಸವಾಲು ಕೂಗುತ್ತಿದ್ದ, ಸಕೀನಾಬಿ ಕೇಳಿ ಒಪ್ಪಿದ ದನಿ ಅದೇ. ಕಂಠ ಒಳ್ಳೆಯದಿತ್ತು, ಮೂಗು ಮಾತ್ರ ಆ ಕೆಲಸಕ್ಕೆ ಹುಟ್ಟಿದ್ದಲ್ಲ. ಬೆಲೆ ಏರುತ್ತಿರುವಾಗಲೇ ನಡುವೆ ಒಂದು ದೊಡ್ಡ ಸೀನು ಬಂದುಬಿಡುತ್ತಿತ್ತು, ಸವಾಲು ಮುಗಿಯಿತೆಂದು ಹಮಾಲರು ಚೀಲ ಎತ್ತಿಬಿಡುತ್ತಿದ್ದರು. ದಲಾಲರು ಕೈಮುಗಿದು ಅವನನ್ನು ಮನೆಗೆ ಕಳಿಸಿದರು. ಆಗ ಸಕೀನಾಬಿಯೇ ತನ್ನ ಕೊರಳಿನ ಬಂಗಾರದ ಬೋರಮಾಳ ಮಾರಿಸಿ ಒಂದು ಹಳೆಯ ಮೈಕ್ ಸೆಟ್ಟು ಕೊಡಿಸಿದಳು. ದನಿಯನ್ನು ದೂರ ಒಯ್ಯುವ ಅಗಲ ಬಾಯಿಯ ಎರಡು ಭೋಂಗಾ, ಒಂದು ಆಂಪ್ಲಿಫೈಯರ್ ಪೆಟ್ಟಿಗೆ, ಸ್ಟ್ಯಾಂಡು, ತಲೆಯ ಮೇಲೆ ಜಾಳಿಗೆ ಇದ್ದ ಒಂದು ಮೈಕು. ಆ ಸೆಟ್ಟು ಅವರ ಹೊಲ, ಅವರ ಎತ್ತು, ಅವರ ಅನ್ನ. ಸುತ್ತಲಿನ ಯಾವ ಮದುವೆಯಲ್ಲಿಯೂ ಆಯೇರಿ ಕೂಗಲು ಕಾಸೀಮಸಾಬನೇ ಬೇಕು ಎನ್ನುವಂತಾಯಿತು.

ಆಯೇರಿ ಕೂಗುವುದೆಂದರೆ ಸುಮ್ಮನೆ ಒದರುವುದಲ್ಲ. ಅಕ್ಷತೆ ಬಿದ್ದ ಮೇಲೆ ಬೀಗರು, ಓಣಿಯವರು, ಗೆಳೆಯರು ಒಬ್ಬೊಬ್ಬರಾಗಿ ಬಂದು ಉಡುಗೊರೆ ಕೊಡುತ್ತಾರೆ. ಕೂಗುವವನು ಕೊಟ್ಟವರ ಹೆಸರು, ಊರು, ವಸ್ತು, ಕಡೆಗೆ ಸಂಬಂಧ ಇಷ್ಟನ್ನೂ ಹಂದರಕ್ಕೆಲ್ಲ ಕೇಳುವಂತೆ ಹೇಳಬೇಕು. ಸಂಬಂಧ ಹೇಳದಿದ್ದರೆ ಕೊಟ್ಟವರಿಗೆ ಅವಮಾನ. ಒಮ್ಮೆ ಹಲಗೇರಿಯಲ್ಲಿ ಕಾಸೀಮಸಾಬ ತಾನೇ ಅಂದಾಜು ಮಾಡಿ, ಖಾಸಾ ಸೋದರಮಾವನನ್ನು 'ದೂರದ ನೆಂಟರು' ಎಂದುಬಿಟ್ಟಿದ್ದ. ಮಾವ ಊಟದ ಎಲೆ ಬಿಟ್ಟು ಎದ್ದುಹೋದವನು ಮುಂದೆ ತಂಗಿಯ ಮನೆಯ ಹೊಸ್ತಿಲು ತುಳಿಯಲಿಲ್ಲ. ಅಂದಿನಿಂದ ಕಾಸೀಮಸಾಬ ತನ್ನ ಬುದ್ಧಿ ಓಡಿಸುವುದನ್ನೇ ಬಿಟ್ಟ. ಕೊಟ್ಟವರು ಕಿವಿಯಲ್ಲಿ ಏನು ಹೇಳಿದರೋ ಅದನ್ನೇ ಕೂಗುತ್ತಿದ್ದ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ಇನ್ನೊಂದು ಚಾಳಿಯೂ ಇತ್ತು. ಉಂಡು ಕೈತೊಳೆದು ಮೆಲ್ಲಗೆ ಜಾರುವವರನ್ನು ಕಂಡರೆ ಮೈಕು ಹಿಡಿದ ಕಾಸೀಮಸಾಬನಿಗೆ ತಡೆಯಲಾಗುತ್ತಿರಲಿಲ್ಲ. "ಗೌಡ್ರು ಹೊಂಟಾರ, ಊಟ ಚಲೋ ಆಗೇತಿ ಅಂತ ಅವರ ಮಾರೀನ ಹೇಳ್ತೈತಿ, ಆಯೇರಿ ಇನ್ನೂ ನಮ್ಮ ಕೈಗೆ ಮುಟ್ಟಿಲ್ಲ" ಎಂದು ಕೂಗುತ್ತಿದ್ದ. ಜನ ನಗುತ್ತಿದ್ದರು, ಗೌಡರೂ ನಕ್ಕು ತಿರುಗಿ ಬರುತ್ತಿದ್ದರು. ಈ ಚಾಳಿಯೇ ಅವನ ಕುತ್ತಿಗೆಗೆ ಬಂದದ್ದು.

ಎಂಬತ್ತೆಂಟರ ಬೇಸಿಗೆಯಲ್ಲಿ ಮೇಡ್ಲೇರಿಯಲ್ಲೊಂದು ಮದುವೆ. ಜೋಡಬಾವಿ ಠಾಣೆಯ ಫೌಜದಾರ ಅಂದಾನೆಪ್ಪ ಯಾರೂ ಕರೆಯದೆಯೇ ಬಂದಿದ್ದ. ಆ ಭಾಗದ ಮದುವೆಗಳಿಗೆ ಆತನನ್ನು ಕರೆಯುವ ಅಗತ್ಯವಿರಲಿಲ್ಲ, ಬೂಂದಿ ಕರಿಯುವ ವಾಸನೆ ಸಾಕಿತ್ತು. ಎರಡು ಪಂಕ್ತಿ ಉಂಡು, ಮನೆಯವರಿಗೆಂದು ಬುಟ್ಟಿ ಕಟ್ಟಿಸಿಕೊಂಡು ಜೀಪಿನ ಕಡೆ ನಡೆದ. ಕಾಸೀಮಸಾಬನ ಬಾಯಿಗೆ ಯೋಚಿಸಲು ಪುರುಸೊತ್ತೆಲ್ಲಿ? "ಫೌಜದಾರ ಸಾಹೇಬ್ರು ಹೊಂಟಾರ, ಬುಟ್ಟೀನೂ ಹೊಂಟೈತಿ, ಆಯೇರಿ ಒಂದ ಬಾಕಿ ಐತಿ" ಎಂದ.

ಯಾರೂ ನಗಲಿಲ್ಲ. ಅಂದಾನೆಪ್ಪ ನಿಂತ, ತಿರುಗಿದ, ಬುಟ್ಟಿಯನ್ನು ಪೇದೆ ಫಕ್ಕೀರೇಶನ ಕೈಗೆ ಕೊಟ್ಟ. "ಮೈಕ್ ಹಚ್ಚಾಕ ಪರವಾನಗಿ ಐತೇನ್ಲೇ?" ಎಂದು ಕೇಳಿದ. ಸುತ್ತಲಿನ ಹಳ್ಳಿಗಳಲ್ಲಿ ಮದುವೆಯ ಮೈಕಿಗೆ ಪರವಾನಗಿ ಎನ್ನುವುದನ್ನು ಹುಟ್ಟಿದಾಗಿನಿಂದ ಯಾರೂ ಕೇಳಿರಲಿಲ್ಲ. ಇಳಿಹೊತ್ತಿನೊಳಗೆ ಸೆಟ್ಟು ಠಾಣೆಗೆ ಹೋಯಿತು.

ಬಿಡಿಸಿಕೊಂಡು ಬರಲು ಕಾಸೀಮಸಾಬ ಎಷ್ಟು ಸಲ ಹೋದನೋ ಅವನಿಗೇ ಗೊತ್ತು. ಹೋಗುವಾಗ ದಾರಿಯುದ್ದಕ್ಕೂ ಮಾತು ತಯಾರು ಮಾಡಿಕೊಂಡು ಹೋಗುತ್ತಿದ್ದ. ಮೇಜಿನ ಮುಂದೆ ನಿಂತರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. "ಸಾಹೇಬ್ರ... ನಂದು... ಅದು..." ಎನ್ನುವಷ್ಟರಲ್ಲಿ ಅಂದಾನೆಪ್ಪ, "ಮೊದಲ ನನ್ನ ಆಯೇರಿ ತಂದಕೊಡಲೇ, ಆಮ್ಯಾಲ ಮಾತು" ಎಂದು ನಗುತ್ತಿದ್ದ. ಸೆಟ್ಟು ಅವನ ಕಣ್ಣೆದುರೇ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಒಂದು ಭೋಂಗಾದಲ್ಲಿ ಪೊಲೀಸರು ಒದ್ದೆ ಟೊಪ್ಪಿಗೆ ಒಣಗಲು ಹಾಕಿದ್ದರು. ಅದನ್ನು ನೋಡಿ ಬಂದ ದಿನ ಕಾಸೀಮಸಾಬ ಉಣ್ಣಲಿಲ್ಲ. ಸಕೀನಾಬಿ ಜಗಳ ತೆಗೆಯಲಿಲ್ಲ. ಲಟ್ಟಣಿಗೆಯನ್ನು ತಾನೇ ತಂದು ಅವನ ಪಕ್ಕದಲ್ಲಿಟ್ಟಳು. ಅವನು ಅದನ್ನು ಮುಟ್ಟಲೂ ಇಲ್ಲ.

ಮದುವೆಯ ಸುಗ್ಗಿ ಪೂರಾ ಹಾಗೇ ಹೋಯಿತು. ಸಕೀನಾಬಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಬ್ಯಾಡಗಿಗೆ ಹೋಗತೊಡಗಿದಳು, ಉರಿಯುವ ಕೈಗಳಿಂದ ರೊಟ್ಟಿ ಬಡಿಯುತ್ತಿದ್ದಳು. ಇಷ್ಟರಲ್ಲಿ ಅಂದಾನೆಪ್ಪನ ಮಗಳಿಗೇ ಮದುವೆ ಕೂಡಿಬಂತು. ಗಂಡಿನವರು ಬ್ಯಾಡಗಿಯ ಶಾಲಾ ಮಾಸ್ತರರ ಮನೆತನ. ಫಕ್ಕೀರೇಶ ಸೈಕಲ್ಲು ಹತ್ತಿ ಮನೆಮನೆಗೆ ಲಗ್ನಪತ್ರಿಕೆ ಹಂಚಿದ. ಯಾರು ಏನು ತರಬೇಕೆನ್ನುವುದನ್ನು ಬಾಯಿಮಾತಿನಲ್ಲೇ ತಿಳಿಸಿ, "ಸಾಹೇಬ್ರು ನೆನಪಿಟ್ಟಕೋತಾರ" ಎಂದು ಸೇರಿಸುತ್ತಿದ್ದ. ಹಾಗೇ ಕಾಸೀಮಸಾಬನ ಬಾಗಿಲಿಗೂ ಬಂದ.

"ಆಯೇರಿ ನೀವ ಕೂಗಬೇಕಂತ ಕಾಸೀಮಣ್ಣ. ನಿಮ್ಮ ಸೆಟ್ಟ ಅಲ್ಲಿಗೆ ಬರ್ತೈತಿ. ಕೆಲಸ ಚಲೋ ಆತಂದ್ರ ಅಲ್ಲಿಂದನ ಮನಿಗೆ ಒಯ್ರಿ ಅಂದಾರ."

ಸಕೀನಾಬಿ ಒಳಗಿನಿಂದ ಬಂದಳು. "ಕೇಳಿದ್ರೇನ್ರಿ? ಬಾಯಿ ಬಂದೋಬಸ್ತ ಇಟ್ಕೋರಿ. ಅವರು ಬುಟ್ಟಿ ಒಯ್ಲಿ, ಬಂಡಿ ಒಯ್ಲಿ, ನಿಮಗೇನ ಆಗಬೇಕಾಗೈತಿ? ಸೆಟ್ಟ ಮನಿಗೆ ಬಂದ್ರ ಸಾಕು."

"ಅಲ್ಲಾನ ಆಣೆ, ಹೆಸರು, ಊರು, ವಸ್ತು, ಸಂಬಂಧ. ಅದರ ಮ್ಯಾಲ ಒಂದ ಮಾತ ಆಡಂಗಿಲ್ಲ" ಎಂದ ಕಾಸೀಮಸಾಬ. ಕಡೆಯದೊಂದು ಮಾತು ಬಿಟ್ಟರೆ ಅವನು ಆಣೆ ಮುರಿಯಲಿಲ್ಲ ಎನ್ನುವುದನ್ನು ಓದುಗರು ನೆನಪಿಡಬೇಕು.

ಮದುವೆ ಭರ್ಜರಿಯಾಗಿಯೇ ಇತ್ತು. ಹಾವೇರಿಗೆ ಹೊಸದಾಗಿ ಬಂದ ಡಿ.ವೈ.ಎಸ್.ಪಿ. ಸಾಹೇಬರು ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಅವರ ಪಕ್ಕ ಗಂಡಿನ ತಂದೆ ಮಾಸ್ತರರು. ಕಾಸೀಮಸಾಬ ಭೋಂಗಾದ ಧೂಳನ್ನು ತನ್ನ ಹೆಗಲ ವಸ್ತ್ರದಿಂದ ಒರೆಸಿದ. ಮೈಕು ಕೈಗೆ ಬಂದಾಗ ಅವನ ಕಣ್ಣು ತುಂಬಿದವು, ಮೈ ನೆಟ್ಟಗಾಯಿತು.

ಅಕ್ಷತೆ ಬಿತ್ತು. ಮೊದಲು ಖಾಸಾ ಬೀಗರ ಆಯೇರಿ ಎಲ್ಲ ಸುಸೂತ್ರವಾಗಿ ಮುಗಿಯಿತು. ಆಮೇಲೆ ಕುಪ್ಪೇಲೂರಿನ ಹೇಮಪ್ಪ ಎರಡು ಚೀಲ ಜೋಳ ಹೊರಿಸಿಕೊಂಡು ಬಂದ. ಆತ ಸಾದಾ ಮನುಷ್ಯ, ಹೊಟ್ಟೆಯಲ್ಲೊಂದು ಬಾಯಲ್ಲೊಂದು ಇಟ್ಟುಕೊಂಡವನಲ್ಲ. ಕಾಸೀಮಸಾಬ ಎಂದಿನಂತೆ ಕಿವಿ ಕೊಟ್ಟು, "ಸಂಬಂಧ ಏನಂತ ಹೇಳ್ಲಿ?" ಎಂದು ಕೇಳಿದ. ಹೇಮಪ್ಪ ಸ್ವಲ್ಪ ಯೋಚಿಸಿ ಹೇಳಿದ. ಕಾಸೀಮಸಾಬ ಕೂಗಿದ:

"ಹೇಮಪ್ಪನವರು, ಕುಪ್ಪೇಲೂರು, ಬಿಳಿಜೋಳ ಎರಡು ಚೀಲ. ಸಂಬಂಧ: ಸಾಹೇಬ್ರು ಹಿಡಿದಿಟ್ಟಕೊಂಡಿದ್ದ ಟ್ರ್ಯಾಕ್ಟರ್ ತಿರುಗಿ ಬಿಟ್ಟಿದ್ದಕ್ಕ."

ಹಂದರದ ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಮಾಸ್ತರರಿಗೆ ಮಾತ್ರ ಬಹಳ ಹಿಡಿಸಿತು. "ನಮ್ಮ ಬೀಗರು ಎಷ್ಟ ಮಂದಿಗೆ ಉಪಕಾರ ಮಾಡ್ಯಾರ ನೋಡ್ರಿ" ಎಂದು ಪಕ್ಕದ ಸಾಹೇಬರಿಗೆ ಹೇಳಿದರು. ಸಾಹೇಬರು ಮೀಸೆಯ ಮೇಲೆ ಕೈಯಾಡಿಸಿದರು.

ಅಂದಾನೆಪ್ಪ ವೇದಿಕೆಯ ಮೇಲಿನಿಂದ ಹಲ್ಲು ಕಚ್ಚಿ ಕಣ್ಣು ಬಿಟ್ಟ. ಆದರೆ ಮೈಕು ಹಿಡಿದ ಕಾಸೀಮಸಾಬ ಯಾರ ಕಣ್ಣನ್ನೂ ನೋಡುವವನಲ್ಲ, ಎದುರಿಗೆ ನಿಂತವರ ಬಾಯಿಯನ್ನಷ್ಟೇ ನೋಡುವವನು. ಎದುರಿಗೆ ಈಗ ಮೇಡ್ಲೇರಿಯ ಉಡಚಪ್ಪ ನಿಂತಿದ್ದ. ಹೇಮಪ್ಪನಿಗೆ ಸಿಕ್ಕ ಮರ್ಯಾದೆ ತನಗೂ ಸಿಗಬೇಕೆಂದು ಆತನಿಗೆ ಅನ್ನಿಸಿಬಿಟ್ಟಿತ್ತು.

"ಉಡಚಪ್ಪನವರು, ಮೇಡ್ಲೇರಿ, ನೆಲ್ಲಕ್ಕಿ ಒಂದು ಚೀಲ. ಸಂಬಂಧ: ಹೊಡೆದಾಟ ಆದಾಗ ಪುಣೆದಾಗ ಇದ್ದ ಇವರ ತಮ್ಮನ ಹೆಸರನ್ನ ಕೇಸಿನಾಗ ಸಾಹೇಬ್ರ ಹಾಕಿ, ಸಾಹೇಬ್ರ ತೆಗೆದದ್ದಕ್ಕ."

ಈಗ ನಗು ಹಂದರದ ಉದ್ದಕ್ಕೂ ಹರಿಯಿತು. ನಗು ಬಂದಲ್ಲಿಗೆ ಧೈರ್ಯವೂ ಬರುತ್ತದಲ್ಲ. ಅಲ್ಲಿಯವರೆಗೆ ಕಂಬದ ಮರೆಯಲ್ಲಿ ಮುಖ ಸಣ್ಣದು ಮಾಡಿಕೊಂಡು ಕೂತವರೆಲ್ಲ ತಮ್ಮ ತಮ್ಮ ಗಂಟು ಎತ್ತಿಕೊಂಡು ಸಾಲಿಗೆ ನಿಂತರು. ಲಾರಿ ಹಜರತಅಲಿ ಹೊಸ ಟೈರೊಂದನ್ನು ಉರುಳಿಸಿಕೊಂಡೇ ಬಂದ, ಅದಕ್ಕೊಂದು ಚೆಂಡುಹೂವಿನ ಹಾರ ಬೇರೆ ಹಾಕಿದ್ದ. "ಸಂಬಂಧ: ದೀಪ ಇದ್ರೂ ದೀಪ ಇಲ್ಲ ಅಂತ ವಾರಕ್ಕೊಮ್ಮೆ ಕೈ ಮಾಡಿ ನಿಲ್ಲಿಸೋದು" ಎಂದು ಕೂಗಿಸಿದ. ಅವನ ಹಿಂದೆ ಠಾಣೆಯ ಎದುರು ಖಾನಾವಳಿ ಇಟ್ಟಿದ್ದ ಹೊಳಿಯವ್ವ. ಆಕೆಗೆ ಕಿವಿಯಲ್ಲಿ ಹೇಳುವ ಅಭ್ಯಾಸವೇ ಇಲ್ಲ.

"ಹಿತ್ತಾಳಿ ಕೊಡ ಅನ್ನು. ತಾಯಿ ಸಂಬಂಧ ಅನ್ನು" ಎಂದಳು ಗಟ್ಟಿಯಾಗಿ.

"ತಾಯಿ ಹೆಂಗ ಆಗ್ತೀಯವ್ವ?" ಎಂದು ಕಾಸೀಮಸಾಬ ಖರೇ ಸಂಶಯದಿಂದಲೇ ಕೇಳಿದ. ಹಲಗೇರಿಯ ಸೋದರಮಾವನನ್ನು ಅವನಿನ್ನೂ ಮರೆತಿರಲಿಲ್ಲ.

"ಇವರು ಈ ಠಾಣೇಕ್ಕ ಬಂದಾಗಿಂದ ದಿನಾ ಎರಡ ಹೊತ್ತು ಉಣಸೇನಿ. ಒಂದ ದಿನಾನೂ ರೊಕ್ಕ ಕೇಳಿಲ್ಲ. ಹೆತ್ತಾಕಿ ಬಿಟ್ರ ಹಂಗ ಇನ್ಯಾರ ಉಣಸ್ತಾರಪ್ಪ?"

ಇದನ್ನೂ ಕಾಸೀಮಸಾಬ ಇದ್ದದ್ದು ಇದ್ದ ಹಾಗೆ ಕೂಗಿದ. ಮಾಸ್ತರರ ಮುಖ ಈಗ ನಿಧಾನಕ್ಕೆ ಬಣ್ಣಗೆಡುತ್ತಿತ್ತು. ಅಂದಾನೆಪ್ಪ ಫಕ್ಕೀರೇಶನಿಗೆ ಮೈಕಿನ ವಾಯರು ಕೀಳುವಂತೆ ಸನ್ನೆ ಮಾಡಿದ. ಫಕ್ಕೀರೇಶ ವಾಯರಿನ ಹತ್ತಿರ ಬಗ್ಗಿದ್ದೂ ನಿಜ, ಮುಂದಿನ ಕುರ್ಚಿಯ ಸಾಹೇಬರು "ಇರ್ಲಿ ಬಿಡಪ್ಪ, ಆಯೇರಿ ಪೂರಾ ಆಗ್ಲಿ" ಎಂದದ್ದೂ ನಿಜ. ಫಕ್ಕೀರೇಶ ಬಗ್ಗಿದವನು ಹಾಗೇ ತನ್ನ ಬೂಟಿನ ಲಾಡಿ ಕಟ್ಟಿಕೊಂಡು ಎದ್ದ.

ಸಾಲು ಮುಗಿಯಿತು. ಪದ್ಧತಿಯ ಪ್ರಕಾರ ಕೊನೆಯ ಆಯೇರಿ ಕೂಗುವವನದು. ಕಾಸೀಮಸಾಬ ಜೋಳಿಗೆಯಿಂದ ನೀರು ಕುಡಿಯುವ ಸ್ಟೀಲಿನ ಚರಗಿ ತೆಗೆದ. ಆಗ ಅವನ ಕಣ್ಣು ಮೊದಲ ಬಾರಿಗೆ ಮದುಮಗಳ ಮೇಲೆ ಬಿತ್ತು. ಆ ಹುಡುಗಿ ಬಾಸಿಂಗದ ಕೆಳಗೆ ತಲೆ ತಗ್ಗಿಸಿ ಕೂತಿದ್ದಳು, ಮಡಿಲಲ್ಲಿ ನೀರಿನ ಹನಿ ಬಿದ್ದ ಗುರುತಿತ್ತು. ಇಷ್ಟು ಹೊತ್ತು ತಾನು ಏನು ಮಾಡಿದೆ ಎನ್ನುವುದು ಆಗಲೇ ಅವನ ತಲೆಗೆ ಹೋದದ್ದು. ಸೆಟ್ಟು ಮನೆಗೆ ಹೋಗುವ ಮಾತು ಮುಗಿಯಿತು ಎನ್ನುವುದೂ ಹೊಳೆಯಿತು.

'ಗೆಳೆಯರು' ಎಂದು ಒಂದು ಮಾತು ಅಂದುಬಿಟ್ಟಿದ್ದರೆ ಇನ್ನೂ ಏನಾದರೂ ಉಳಿಯುತ್ತಿತ್ತೇನೋ. ಆದರೆ ಊರವರ ಸಂಬಂಧವನ್ನೆಲ್ಲ ಇದ್ದಂತೆ ಕೂಗಿ ತನ್ನದನ್ನು ಸುಳ್ಳು ಕೂಗಲು ಬಾಯಿ ಒಪ್ಪಲಿಲ್ಲ.

"ಕಾಸೀಮಸಾಬ, ರಾಣೇಬೆನ್ನೂರು, ಸ್ಟೀಲಿನ ಚರಗಿ ಒಂದು" ಎಂದ. "ಸಂಬಂಧ: ಈ ಮೈಕು ನಂದು. ಬ್ಯಾಸಗಿಯಿಂದ ಠಾಣೇದಾಗ ಐತಿ. ಹೆಂಡ್ತಿ ಬೋರಮಾಳ ಮಾರಿ ತಂದಿದ್ದು." ಆಮೇಲೆ ಮದುಮಗಳ ಕಡೆ ತಿರುಗಿ, "ತಂಗೀ, ನಿನ್ನ ಮ್ಯಾಲ ನನಗ ಸಿಟ್ಟಿಲ್ಲವ್ವ. ಚಂದಾಗಿ ಬಾಳೇವು ಮಾಡು" ಎಂದು ಮೈಕು ಕೆಳಗಿಟ್ಟ. ಹುಡುಗಿ ತಲೆಯೆತ್ತಿ ಆ ಚರಗಿಯನ್ನು ತಾನೇ ಕೈಚಾಚಿ ತೆಗೆದುಕೊಂಡಳು.

ಸೆಟ್ಟು ಮತ್ತೆ ಠಾಣೆಗೇ ಹೋಯಿತು. ಸಕೀನಾಬಿ ಎಲ್ಲವನ್ನೂ ಕೇಳಿ ಬಹಳ ಹೊತ್ತು ಬೈದಳು, ಕನ್ನಡ, ಉರ್ದು ಎರಡೂ ಭಾಷೆಯಲ್ಲಿ ಬೈದಳು. ಕಡೆಗೆ, "ಬೋರಮಾಳದ ಮಾತ ಎಲ್ಲರ ಮುಂದ ಹೇಳಿದ್ರಿ?" ಎಂದು ಕೇಳಿ ಅವನಿಗೆ ಉಣ್ಣಲು ನೀಡಿದಳು.

ವಾರದೊಳಗೆ ಡಿ.ವೈ.ಎಸ್.ಪಿ. ಸಾಹೇಬರು ವಿಚಾರಣೆಗೆ ಜೋಡಬಾವಿಗೆ ಬಂದು ಕೂತರು. ಆಯೇರಿ ಕೊಟ್ಟವರನ್ನೆಲ್ಲ ಕರೆಸಿದರು. ಈಗ ನಮ್ಮ ಜನರ ಶೌರ್ಯ ನೋಡಬೇಕು. ಹಂದರದಲ್ಲಿ ಹುಲಿಯಾಗಿದ್ದವರೆಲ್ಲ ಠಾಣೆಯ ಕಟ್ಟೆ ಹತ್ತಿದ ಕೂಡಲೇ ಬೆಕ್ಕಾದರು. ಹೇಮಪ್ಪ "ಪ್ರೀತೀಲೆ ಕೊಟ್ಟೇವ್ರಿ" ಎಂದ. ಉಡಚಪ್ಪನೂ "ಪ್ರೀತೀಲೇರಿ" ಎಂದ. ಹಜರತಅಲಿ ಟೈರನ್ನು ಕೂಡ ಪ್ರೀತಿಯಿಂದಲೇ ಕೊಟ್ಟಿದ್ದ. ಹೊಳಿಯವ್ವ ಮಾತ್ರ ಬಂದವಳು, "ಮೊದಲ ಅವರು ಹೇಳ್ಲಿ, ಗಂಡಸರು" ಎಂದು ಹೊರಗೆ ಹುಣಸೆಮರದ ಬುಡದಲ್ಲಿ ಅವರ ಜೊತೆ ಕೂತಳು. ಅಂದಾನೆಪ್ಪ ಕಿಟಕಿಯ ಬಳಿ ನಿಂತು ಎಲೆಯಡಿಕೆ ಮೆಲ್ಲುತ್ತಿದ್ದ.

ಉಳಿದವನು ಕಾಸೀಮಸಾಬ ಒಬ್ಬನೇ. ಸಾಹೇಬರು ಕುರ್ಚಿ ಕೊಟ್ಟರು, ನೀರು ಕೊಡಿಸಿದರು. "ಅವತ್ತ ಹೇಳಿದ್ದನ್ನ ಇವತ್ತ ಹೇಳು, ಅಷ್ಟ ಸಾಕು" ಎಂದರು.

"ಅದು... ಸಾಹೇಬ್ರ... ಅವತ್ತು..." ಎಂದು ತಡವರಿಸಿದ. ಇನ್ನು ಸ್ವಲ್ಪ ಹೊತ್ತಾದರೆ ಅವನೂ ಪ್ರೀತಿ ಎಂದುಬಿಡುತ್ತಿದ್ದನೋ ಏನೋ. ಕಣ್ಣು ಮಾತ್ರ ಮೂಲೆಯ ಕಡೆಗೇ ಹೋಗುತ್ತಿತ್ತು. ಸಾಹೇಬರು ಅವನ ಕಣ್ಣು ಹೋದಲ್ಲಿ ನೋಡಿದರು. ಮನುಷ್ಯ ಬುದ್ಧಿವಂತ.

"ಫಕ್ಕೀರೇಶ, ಆ ಸೆಟ್ಟ ಚಾಲೂ ಐತೋ ಇಲ್ಲೋ ನೋಡಬೇಕಾಗೈತಿ. ಹಚ್ಚು."

ಫಕ್ಕೀರೇಶ ಬಹಳ ಅಚ್ಚುಕಟ್ಟಾಗಿ ಹಚ್ಚಿದ. ಒಳಗೆ ಜಾಗ ಸಾಲದೆಂದು ಭೋಂಗಾ ಎರಡನ್ನೂ ಹೊರಗಿನ ಕಟ್ಟೆಯ ಮೇಲೆ, ಹುಣಸೆಮರಕ್ಕೆ ಮುಖ ಮಾಡಿ ಇಟ್ಟ. ಅವನೂ ಎಷ್ಟು ವರ್ಷದಿಂದ ಬುಟ್ಟಿ ಹೊತ್ತಿದ್ದ, ಪಾಪ. ಮೈಕನ್ನು ತಂದು ಕಾಸೀಮಸಾಬನ ಕೈಗೆ ಕೊಟ್ಟ.

ಕಾಸೀಮಸಾಬ ಎದ್ದು ನಿಂತ. ಗಂಟಲು ಸರಿಮಾಡಿಕೊಂಡ. "ಹೇಮಪ್ಪನವರು, ಕುಪ್ಪೇಲೂರು, ಬಿಳಿಜೋಳ ಎರಡು ಚೀಲ" ಎಂದು ಶುರು ಮಾಡಿದವನು ಟ್ರ್ಯಾಕ್ಟರಿಗೆ ಬಂದ, ಟ್ರ್ಯಾಕ್ಟರಿನಿಂದ ಪುಣೆಗೆ ಹೋದ, ಪುಣೆಯಿಂದ ಟೈರಿಗೆ ಇಳಿದ. ಹೊರಗೆ ಬಸ್ಸಿಗೆ ಕಾದವರು ಬಸ್ಸು ಬಿಟ್ಟು ನಿಂತರು. ಎಮ್ಮೆ ಹೊಡೆದುಕೊಂಡು ಹೊರಟವರು ಎಮ್ಮೆಯನ್ನು ನಿಲ್ಲಿಸಿಕೊಂಡರು. ಹುಣಸೆಮರದ ಬುಡದಲ್ಲಿ ಹೇಮಪ್ಪ ಚಡಪಡಿಸಿದ. ತನ್ನ ಮಾತು ಇಡೀ ಊರಿಗೆ ಕೇಳಿಸಿಬಿಟ್ಟಿದೆ. ಇನ್ನು ಪ್ರೀತಿಯೆಂದರೆ ಮೋರೆಗೆ ಯಾರು ಉಗುಳುವುದಿಲ್ಲ? ಅವನು ಧಡಕ್ಕನೆ ಎದ್ದು ಬಾಗಿಲಿಗೆ ಬಂದ.

"ಸಾಹೇಬ್ರ, ಕಾಸೀಮಣ್ಣ ಕಮ್ಮಿ ಹೇಳ್ಯಾನ. ಜ್ವಾಳ ಮದುವೀದು. ಟ್ರ್ಯಾಕ್ಟರ್ ಬಿಡಾಕ ಒಂದ ಹೋರಿ ಬ್ಯಾರೆ ಹೊಡಕೊಂಡ ಹೋಗ್ಯಾರ."

ಉಡಚಪ್ಪ ಅವನನ್ನು ಪಕ್ಕಕ್ಕೆ ಸರಿಸಿ ಒಳಗೆ ಬಂದ. ಹಜರತಅಲಿಯ ಟೈರು ಒಂದಲ್ಲ ಎಂದು ಗೊತ್ತಾಯಿತು. ಹೊಳಿಯವ್ವ ಸೆರಗು ಸಿಕ್ಕಿಸಿಕೊಂಡು ಬಂದವಳು ಮೈಕನ್ನೇ ಕಸಿದುಕೊಂಡು ಪ್ರತಿದಿನದ ಊಟದ ವರದಿ ಕೊಟ್ಟಳು, ಯಾವ ದಿನ ಕೋಳಿ, ಯಾವ ದಿನ ಬರೀ ಮುಳಗಾಯಿ ಪಲ್ಯ ಎನ್ನುವುದರ ಸಮೇತ. ಅಂದಾನೆಪ್ಪನ ಬಾಯಲ್ಲಿದ್ದ ಎಲೆಯಡಿಕೆ ಅಲ್ಲೇ ನಿಂತಿತ್ತು. ಅದೇ ತಿಂಗಳು ಅವನು ಅಮಾನತಾದ, ಮುಂದೆ ಕೇಸು ನಡೆದು ನೌಕರಿಯನ್ನೇ ಕಳೆದುಕೊಂಡ.

ಇಲ್ಲಿಗೆ ಮುಗಿದಿದ್ದರೆ ಚಂದವಿತ್ತು. ಆದರೆ ಸೆಟ್ಟು ಈಗ ಕೇಸಿನ ಸಾಕ್ಷಿ. ಅರಗಿನ ಮುದ್ರೆ ಒತ್ತಿ, ಚೀಟಿ ಕಟ್ಟಿ, ಕೇಸು ಮುಗಿಯುವವರೆಗೆ ಮುಟ್ಟಕೂಡದೆಂದು ಅದನ್ನು ಠಾಣೆಯ ಕೋಣೆಯಲ್ಲಿ ಹಾಕಿ ಬೀಗ ಜಡಿದರು. "ಠಾಣೇದಾಗ ಕಳ್ಳರಿರಲಿ ಒಳ್ಳೇರಿರಲಿ, ಒಳಗ ಹಾಕೋದು ನಮ್ಮ ಸೆಟ್ಟನ್ನ" ಎಂದಳು ಸಕೀನಾಬಿ. ಅಂದು ಸಂಜೆ ಹಿಟ್ಟಿನ ಡಬ್ಬಿ ತೆರೆದು ಲಟ್ಟಣಿಗೆ ತೆಗೆದು, ತೊಳೆದು, ಅದಕ್ಕೊಂದು ಕೆಂಪು ಅರಿವೆ ಸುತ್ತಿ ಅವನ ಕೈಗಿಟ್ಟಳು. "ಹೋಗ್ರಿ, ಕುಪ್ಪೇಲೂರಾಗ ಮದುವಿ ಐತಂತ."

ಕೇಸು ಮುಗಿಯುವವರೆಗಿನ ಅಷ್ಟೂ ವರ್ಷ ಕಾಸೀಮಸಾಬ ಲಟ್ಟಣಿಗೆ ಹಿಡಿದೇ ಆಯೇರಿ ಕೂಗಿದ. ಮೊದಮೊದಲು ನಕ್ಕವರು ಆಮೇಲೆ ಅದಿಲ್ಲದೆ ಮದುವೆ ಚಂದವಿಲ್ಲ ಎನ್ನತೊಡಗಿದರು. ಹಿಂದಿನ ಸಾಲಿಗೂ ಅವನ ದನಿ ಕೇಳುತ್ತಿತ್ತು. ಪೊಲೀಸರು ಮಾತ್ರ ಆ ಸೀಮೆಯ ಮದುವೆಗಳಲ್ಲಿ ಕೈತೊಳೆದ ಮೇಲೆ ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ. ಕರೆಯದೆ ಬರುವುದನ್ನಂತೂ ಬಿಟ್ಟೇಬಿಟ್ಟರು.

ಕೊನೆಗೊಂದು ದಿನ ಸೆಟ್ಟು ಬಿಡುಗಡೆಗೆ ಕೋರ್ಟಿನ ಆದೇಶ ಬಂತು. ಗಂಡಹೆಂಡತಿ ಇಬ್ಬರೂ ಬಾಡಿಗೆಯ ಎತ್ತಿನ ಚಕ್ಕಡಿ ಮಾಡಿಕೊಂಡು ಜೋಡಬಾವಿಗೆ ಹೋದರು. ಠಾಣೆಯಲ್ಲಿ ಎಲ್ಲ ಹೊಸ ಮುಖಗಳು. ಠಾಣೆಯ ಕಾಗದಪತ್ರ ನೋಡುವ ಹೊಸ ರೈಟರ್ ಬೀಗ ತೆಗೆದು, ಸಾಮಾನುಗಳನ್ನು ಕಟ್ಟೆಯ ಮೇಲಿಡಿಸಿ, ಸಹಿಯ ಕಾಗದವನ್ನು ಬೆರಳ ತುದಿಯಲ್ಲಿ ಹಿಡಿದುಕೊಂಡು ನಿಂತ.

"ಇಷ್ಟ ವರ್ಷ ಜೋಪಾನ ಮಾಡೇವಿ" ಎಂದ. "ನಮ್ಮ ಹುಡುಗರಿಗೆ ಚಹಾಕ್ಕರ ಏನರ ನೋಡ್ರಲ್ಲ."

ಕಾಸೀಮಸಾಬನ ನಾಲಿಗೆ ಎಂದಿನಂತೆ ಅಂಟಿಕೊಂಡಿತು. "ಅದು... ಸಾಹೇಬ್ರ..." ಎಂದ. ಕೈ ತಾನೇ ಕಿಸೆಯ ಕಡೆ ಹೊರಟಿತ್ತು. ಸಕೀನಾಬಿ ಬಗ್ಗಿ, ಧೂಳಿನ ಮೈಕನ್ನು ಎತ್ತಿ, ತನ್ನ ಸೆರಗಿನಿಂದ ಒರೆಸಿ ಆ ಕೈಯಲ್ಲಿಟ್ಟಳು.

ಕಾಸೀಮಸಾಬನ ಬೆನ್ನು ನೆಟ್ಟಗಾಯಿತು. ಮೈಕನ್ನು ಬಾಯಿಯ ಹತ್ತಿರ ತಂದ.

"ಆಗ್ಲಿ ಸಾಹೇಬ್ರ" ಎಂದ. "ತಮ್ಮ ಹೆಸರು, ಊರು ಹೇಳ್ರಿ. ಸಂಬಂಧ ಏನಂತ ಕೂಗ್ಲಿ?"

ರೈಟರ್ ಒಮ್ಮೆ ಮೈಕನ್ನು ನೋಡಿದ, ಒಮ್ಮೆ ಎದುರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತ ಮಂದಿಯನ್ನು ನೋಡಿದ. ಕಾಗದವನ್ನು ಕೈಗೆ ತುರುಕಿ, "ಹೋಗ್ರಿ ಮಾರಾಯ್ರ, ಲಗೂನ ಹೇರಕೊಂಡ ಹೋಗ್ರಿ" ಎಂದ. ತಾನೇ ಒಂದು ಭೋಂಗಾ ಹೊತ್ತು ತಂದು ಚಕ್ಕಡಿಯಲ್ಲಿಟ್ಟ.

ಮೈಕಿನ ವಾಯರು ಸುರುಳಿಯಾಗಿ ಕಟ್ಟೆಯ ಮೇಲೇ ಬಿದ್ದಿತ್ತು. ಅದನ್ನು ಯಾವುದಕ್ಕೂ ಹಚ್ಚಿರಲಿಲ್ಲ.